ಪಂಪಿನ ಬಿಡಿಭಾಗಗಳನ್ನು ಆಬ್ಜೆಕ್ಟ್‌ಡಿಬಿಯಲ್ಲಿ ಇಟ್ಟದ್ದು: ನನ್ನ ಅನುಭವ

ನೀರೆತ್ತುವ ಪಂಪ್ ತಯಾರಿಸುವ ಒಂದು ವರ್ಕ್‌ಶಾಪಿಗೆ ಬಿಡಿಭಾಗಗಳ ಲೆಕ್ಕ ಇಡುವ ಜಾವಾ ಅಪ್ಲಿಕೇಶನ್ ಬೇಕಿತ್ತು. ಪಂಪಿನೊಳಗೆ ರೋಟರ್, ರೋಟರಿನಲ್ಲಿ ಶಾಫ್ಟ್, ಶಾಫ್ಟಿಗೆ ಬೇರಿಂಗ್. ಹೀಗೆ ಒಂದರೊಳಗೊಂದು. ಟೇಬಲ್‌ಗಳಲ್ಲಿ ಇಟ್ಟರೆ ಹಂತ ಹಂತಕ್ಕೂ ಟೇಬಲ್‌ಗಳನ್ನು ಜೋಡಿಸುವ ಜಾಯಿನ್, ಇಲ್ಲವೇ ತನ್ನನ್ನೇ ಮತ್ತೆ ಮತ್ತೆ ಕರೆಯುವ ರಿಕರ್ಸಿವ್ ಕ್ವೆರಿ. ಜಾವಾದಲ್ಲಿ ಹೇಗೂ ಆಬ್ಜೆಕ್ಟ್‌ಗಳಾಗಿಯೇ ಇರುತ್ತವೆ ಅಲ್ವಾ, ಹಾಗೇ ಉಳಿಸೋಣ ಎಂದು, ಆಬ್ಜೆಕ್ಟ್‌ಗಳನ್ನೇ ನೇರವಾಗಿ ಉಳಿಸುವ ಡೇಟಾಬೇಸ್ ಆದ ಆಬ್ಜೆಕ್ಟ್‌ಡಿಬಿ ಆರಿಸಿಕೊಂಡೆ.

ಶುರು ಮಾಡುವುದು ಸುಲಭ. ಜಾರ್ ಫೈಲ್ ಸೇರಿಸಬೇಕು, ಕ್ಲಾಸಿನ ಮೇಲೆ ಎಂಟಿಟಿ ಎಂಬ ಅನ್ನೋಟೇಶನ್ ಹಾಕಬೇಕು, ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಗೆ ಡೇಟಾಬೇಸ್ ಫೈಲಿನ ಹೆಸರು ಕೊಡಬೇಕು. ಫೈಲ್ ಇಲ್ಲದಿದ್ದರೆ ತಾನೇ ಹುಟ್ಟಿಕೊಳ್ಳುತ್ತದೆ. ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿನಲ್ಲಿ ಉಳಿಸುವ ಸ್ಟ್ಯಾಂಡರ್ಡ್ ವಿಧಾನ) ಗೊತ್ತಿದ್ದವರು ಹೊಸದಾಗಿ ಕಲಿಯುವುದು ಕಡಿಮೆ.

ತಲೆ ಓಡಿಸಬೇಕಾದ್ದು ಬೇರೆ ಕಡೆ. ಒಂದು ಆಬ್ಜೆಕ್ಟ್ ಉಳಿಸಿದರೆ ಜೊತೆಗೆ ಯಾವುದೆಲ್ಲ ಉಳಿಯಬೇಕು, ಅಳಿಸಿದರೆ ಯಾವುದೆಲ್ಲ ಹೋಗಬೇಕು? 6204 ಬೇರಿಂಗನ್ನೇ ನೋಡಿ. ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47. ನಮ್ಮ ಹಲವು ಮಾದರಿಗಳಿಗೆ ಇದೇ ಬೇಕು. ಡೇಟಾಬೇಸಿನಲ್ಲಿ ಇದು ಒಂದೇ ಆಬ್ಜೆಕ್ಟ್, ಎಲ್ಲ ಪಂಪುಗಳ ಕೊಂಡಿಯೂ ಅದಕ್ಕೇ. ಆದರೆ 'ಪಂಪಿಗೆ ಎರಡು' ಎಂಬ ಲೆಕ್ಕವನ್ನು ಬೇರಿಂಗಿನೊಳಗೆ ಬರೆಯಲು ಬರುವುದಿಲ್ಲ, ಒಂದೊಂದು ಮಾದರಿಗೆ ಒಂದೊಂದು ಸಂಖ್ಯೆ. ಹಾಗಾಗಿ ನಡುವೆ 'ಸಾಲು' ಎಂಬ ಕ್ಲಾಸ್ ಇಟ್ಟು, ಸಂಖ್ಯೆಯನ್ನು ಅಲ್ಲಿಗೆ ಹಾಕಿದೆ.

ಉಳಿಸುವುದು, ಅಳಿಸುವುದು ಕೊಂಡಿ ಹಿಡಿದು ಮುಂದಕ್ಕೂ ಹೋಗಬೇಕೇ ಎಂದು ಹೇಳುವುದು ಕ್ಯಾಸ್ಕೇಡ್. ಪಂಪಿನಿಂದ ಸಾಲಿಗೆ ಅದು 'ಆಲ್', ಅಂದರೆ ಎಲ್ಲವೂ. ಸಾಲಿನಿಂದ ಭಾಗಕ್ಕೆ ಬರೀ 'ಪರ್ಸಿಸ್ಟ್', ಅಂದರೆ ಉಳಿಸುವುದು ಮಾತ್ರ. ಅದೂ ಇಲ್ಲದಿದ್ದರೆ ಹೊಸ ಭಾಗ ಸೇರಿಸಿದಾಗ, ಬದಲಾವಣೆಗಳನ್ನು ಖಾಯಂ ಮಾಡುವ ಕಮಿಟ್ ಎಕ್ಸೆಪ್ಶನ್ (ದೋಷ) ಎಸೆಯುತ್ತದೆ. ಎರಡೂ ಕಡೆ ಸುಮ್ನೆ 'ಆಲ್' ಬರೆದುಬಿಟ್ಟರೆ, ಹಳೆಯ ಮಾದರಿಯೊಂದನ್ನು ಅಳಿಸಿದಾಗ ಬೇರಿಂಗೂ ಅದರ ಹಿಂದೆಯೇ ಹೋಗುತ್ತದೆ. ಬಳಕೆಯಲ್ಲಿರುವುದನ್ನು ಅಳಿಸದಂತೆ ಟೇಬಲ್‌ಗಳಲ್ಲಿ ತಡೆಯುವ ಫಾರಿನ್ ಕೀ ಇಲ್ಲಿ ಇಲ್ಲ. ಆ ಕಾವಲು ನಮ್ಮದೇ ಕೋಡಿನ ಕೆಲಸ.

ಓದುವಾಗಲೂ ಅಷ್ಟೇ. ಜೆಪಿಎಯಲ್ಲಿ ಲಿಸ್ಟ್‌ಗಳು ಕೇಳಿದಾಗ ಮಾತ್ರ ಬರುತ್ತವೆ, ಆದರೆ ಒಂಟಿ ರೆಫರೆನ್ಸ್‌ಗಳು ಕೇಳದೆಯೇ ಬರುತ್ತವೆ. ಆ ಒಂಟಿ ರೆಫರೆನ್ಸ್‌ಗಳನ್ನೂ 'ಲೇಜಿ', ಅಂದರೆ ಕೇಳಿದಾಗ ಮಾತ್ರ ಬರುವಂತೆ, ಮಾಡಿದೆ. ಜೊತೆಗೆ, ಕ್ಲಾಸ್‌ಗಳ ಬೈಟ್‌ಕೋಡನ್ನು ಡೇಟಾಬೇಸಿಗೆ ಒಗ್ಗಿಸುವ ಎನ್‌ಹ್ಯಾನ್ಸರನ್ನು ಜಾವಾ ಏಜೆಂಟ್ ಆಗಿ (ಅಪ್ಲಿಕೇಶನ್ ಜೊತೆಗೇ) ಓಡಿಸುತ್ತೇನೆ. ಅದಿಲ್ಲದೆಯೂ ನಡೆಯುತ್ತದೆ, ರಿಫ್ಲೆಕ್ಷನ್ (ಓಡುವಾಗಲೇ ಕ್ಲಾಸಿನೊಳಗೆ ಇಣುಕುವ ಜಾವಾ ವಿಧಾನ) ಮೇಲೆ, ನಿಧಾನವಾಗಿ.

ಕ್ಲಾಸಿಗೆ ಹೊಸ ಫೀಲ್ಡ್ ಸೇರಿಸಿದರೆ ತಂಟೆಯಿಲ್ಲ, ಹಳೆಯ ಆಬ್ಜೆಕ್ಟ್‌ಗಳಲ್ಲಿ ಅದು ಖಾಲಿ ಇರುತ್ತದೆ. ಫೀಲ್ಡಿನ ಹೆಸರು ಬದಲಿಸುವಾಗ ಹುಷಾರು. ಐಡಿಇಯಲ್ಲಿ ರೀನೇಮ್ ಒತ್ತುವುದು ಒಂದು ಕ್ಷಣದ ಕೆಲಸ, ಆದರೆ ಡೇಟಾಬೇಸಿಗೆ ಅದು ಹೊಸ ಫೀಲ್ಡ್! ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಕಾನ್ಫಿಗರೇಶನ್ ಫೈಲಿನ ಸ್ಕೀಮಾ ಭಾಗದಲ್ಲಿ ಬರೆದ ಮೇಲೆಯೇ ನಾನು ಅಪ್ಲಿಕೇಶನ್ ತೆರೆಯುವುದು.

ಎಂಬೆಡೆಡ್ ರೀತಿಯಲ್ಲಿ, ಅಂದರೆ ಡೇಟಾಬೇಸ್ ಅಪ್ಲಿಕೇಶನ್ನಿನೊಳಗೇ ಓಡುವಾಗ, ಫೈಲನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು. ಸ್ಟೋರಿನವರಿಗೂ ಅಕೌಂಟ್ಸಿನವರಿಗೂ ಒಟ್ಟಿಗೆ ಬೇಕಾದಾಗ ಸರ್ವರ್ ರೀತಿಗೆ ಬದಲಿಸಿದೆ. ಕೋಡಿನಲ್ಲಿ ಬದಲಾದದ್ದು ಕನೆಕ್ಷನ್ ಸಾಲು ಮಾತ್ರ. ಪೋರ್ಟ್ 6136.

ರಿಪೋರ್ಟ್ ವಿಷಯದಲ್ಲಿ ಮಾತ್ರ ಎಸ್‌ಕ್ಯುಎಲ್ ನೆನಪಾಗುತ್ತದೆ. ಅಕೌಂಟ್ಸಿನವರ ರಿಪೋರ್ಟ್ ಟೂಲ್ ಇದರ ಜೊತೆ ಮಾತಾಡುವುದಿಲ್ಲ, ತಿಂಗಳ ಖರೀದಿ ಪಟ್ಟಿಯನ್ನು ಸಿಎಸ್‌ವಿ ಮಾಡಿ ಕೊಡುತ್ತೇನೆ. ಉಚಿತವಾಗಿ ಬಳಸುವವರಿಗೆ ಒಂದು ಫೈಲಿನಲ್ಲಿ 10 ಎಂಟಿಟಿ ಕ್ಲಾಸ್, 10 ಲಕ್ಷ ಆಬ್ಜೆಕ್ಟ್‌ಗಳ ಮಿತಿಯಿದೆ. ಪಂಪ್, ಸಾಲು, ಭಾಗ, ಸರಬರಾಜುದಾರ ಇಷ್ಟೇ ಇರುವ ನಮಗೆ ಅದು ಧಾರಾಳ.