ಸಾಕ್ಷಿ ಹಾಳೆಯಲ್ಲಿ ಇಲ್ಲದ್ದೇ ನನ್ನ ಕಥೆ

ವಕೀಲಿಕೆ ಮಾಡುತ್ತಲೇ ಕೋರ್ಟು ಕಥೆ ಬರೆಯುತ್ತೇನೆ ಅಂದರೆ ಜನ ಮೊದಲು ಕೇಳುವುದು ಒಂದೇ: "ಕೊನೇಲಿ ಕಟಕಟೆಯಲ್ಲಿ ನಿಂತು ತಪ್ಪು ಒಪ್ಪಿಕೊಳ್ತಾನಾ ಸಾರ್?" ಸಿನಿಮಾದಲ್ಲಿ ಒಪ್ಪಿಕೊಳ್ಳುತ್ತಾನೆ. ತುಮಕೂರಿನ ಸೆಷನ್ಸ್ ಕೋರ್ಟಿನಲ್ಲಿ ಅಂಥದ್ದನ್ನು ನಾನಂತೂ ಕಂಡಿಲ್ಲ. ಕೂತು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು, ಅಂದರೆ ಜ್ಯೂರಿಯೂ ನಮ್ಮಲ್ಲಿಲ್ಲ. 1959ರ ನಾನಾವತಿ ಕೊಲೆ ಕೇಸಿನಲ್ಲಿ ಬೊಂಬಾಯಿಯ ಜ್ಯೂರಿ 8-1ರಲ್ಲಿ ನಿರಪರಾಧಿ ಅಂದಿತು. ಹೈಕೋರ್ಟು ಒಪ್ಪದೆ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆಮೇಲೆ ಜ್ಯೂರಿ ಪದ್ಧತಿ ಮೆಲ್ಲಗೆ ಮಾಯವಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ಜ್ಯೂರಿಯ ಮುಂದೆ ಭಾಷಣ ಹೊಡೆದು ಕೇಸು ಗೆಲ್ಲುವ ಲಾಯರು ನನ್ನ ಕಾದಂಬರಿಗೆ ಸಿಗುವುದಿಲ್ಲ.

ಮತ್ತೆ ಥ್ರಿಲ್ಲು ಎಲ್ಲಿಂದ ತರುವುದು? ನನಗೆ ಸಿಕ್ಕಿದ್ದು ಕೇಸಿನ ಕಾಗದಗಳಲ್ಲಿ. ಯಾವ ಮಾತು ಕಾಗದಕ್ಕೆ ಬಂತು, ಯಾವುದು ಬರಲಿಲ್ಲ, ಯಾವ ಕಾಗದ ಮೊದಲು ಬಂತು. ನಮ್ಮ ಕ್ರಿಮಿನಲ್ ಕೇಸುಗಳ ಅರ್ಧ ಜೀವ ಇರುವುದು ಅಲ್ಲೇ.

ಪಾಟೀ ಸವಾಲನ್ನೇ ನೋಡಿ, ಎದುರು ಪಕ್ಷದ ಸಾಕ್ಷಿಯನ್ನು ನಾವು ಪ್ರಶ್ನಿಸುವುದು. ನಾವು ಪ್ರಶ್ನೆ ಕೇಳುತ್ತೇವೆ, ಸಾಕ್ಷಿ ಉತ್ತರ ಕೊಡುತ್ತಾನೆ. ಆದರೆ ದಾಖಲೆಯಲ್ಲಿ ಸಾಮಾನ್ಯವಾಗಿ ಪ್ರಶ್ನೆ ಇರುವುದಿಲ್ಲ. ಎರಡೂ ಸೇರಿ ಸಾಕ್ಷಿಯೇ ಹೇಳಿದ ಒಂದು ವಾಕ್ಯ ಆಗುತ್ತದೆ. ಅದು ಹೀಗಿರುತ್ತದೆ:

"ಆ ರಾತ್ರಿ ಬೀದಿ ದೀಪ ಉರಿಯುತ್ತಿರಲಿಲ್ಲ ಎಂದರೆ ಸರಿಯಲ್ಲ. ನಾನು ಆರೋಪಿಯನ್ನು ನೋಡಿಯೇ ಇಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ."

ಕೋರ್ಟಿಗೆ ಓಡಾಡಿದವರಿಗೆ ಈ "ಎಂದರೆ ಸರಿಯಲ್ಲ" ಚೆನ್ನಾಗಿ ಗೊತ್ತು. ಮೂರು ವಾಕ್ಯಕ್ಕೂ ಒಂದೇ ಬಾಲ. ಆದರೆ ಕೋರ್ಟ್ ಹಾಲಿನಲ್ಲಿ ನಡೆದದ್ದು ಒಂದೇ ಥರ ಇರಲಿಲ್ಲ. ಮೊದಲನೆಯದಕ್ಕೆ ಸಾಕ್ಷಿ ಪಟ್ ಅಂತ ಉತ್ತರ ಕೊಟ್ಟ. ಎರಡನೆಯದಕ್ಕೆ ಬಾಗಿಲ ಹತ್ತಿರ ನಿಂತಿದ್ದ ಭಾವಮೈದುನನ ಕಡೆ ನೋಡಿದ. ಮೂರನೆಯದಕ್ಕೆ ಹೆಗಲ ಮೇಲಿನ ಟವೆಲ್ ತೆಗೆದು ಬಾಯಿ ಒರೆಸಿಕೊಂಡ, ಸುಮ್ನೆ ನಿಂತ. "ಹೇಳಪ್ಪಾ, ಸಾಹೇಬರು ಕಾಯ್ತಿದಾರೆ" ಅಂತ ಹೇಳಿಸಿಕೊಂಡ ಮೇಲೆ ತಲೆ ಅಲ್ಲಾಡಿಸಿದ. ಸ್ಟೆನೋ ಟೈಪ್ ಮಾಡಿದ್ದು ಮಾತ್ರ ಅದೇ "ಸರಿಯಲ್ಲ". ಸಾಕ್ಷಿಯ ನಡವಳಿಕೆ ಮುಖ್ಯ ಅನ್ನಿಸಿದರೆ ಜಡ್ಜ್ ಅದನ್ನು ಬರೆದಿಡಬೇಕು ಅಂತ ಕಾನೂನು ಇದೆ. ಬರೆದಿರುವುದನ್ನು ನಾನು ನೋಡಿದ್ದು ಬಹಳ ಅಪರೂಪ. ದಿನಕ್ಕೆ ಅಷ್ಟೊಂದು ಕೇಸು ಇಟ್ಟುಕೊಂಡು ಯಾರಿಗೆ ಪುರುಸೊತ್ತು, ಅಲ್ವಾ?

ಇದು ನನ್ನ ಮೊದಲ ಕಾದಂಬರಿಯ ದೃಶ್ಯ. ಬರೆದದ್ದು ಉಲ್ಟಾ ಕ್ರಮದಲ್ಲಿ. ಮೊದಲು ಕೋರ್ಟಿನ ಧಾಟಿಯಲ್ಲೇ ಸಾಕ್ಷಿ ಹಾಳೆ ತಯಾರು ಮಾಡಿದೆ. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಒಂದೊಂದು "ಸರಿಯಲ್ಲ"ದ ಹಿಂದೆ ಏನು ನಡೆದಿರಬಹುದು ಅಂತ ಅಧ್ಯಾಯ ಬೆಳೆಸಿದೆ. ಈಗಲೂ ಹಾಗೇ. ಬೆಳಿಗ್ಗೆ ಎದ್ದು ಬರೆಯುವ ಶಿಸ್ತು ನನಗಿಲ್ಲ. ಕೇಸು ಕೂಗುವ ತನಕ ಕಾಯುವುದು ಹೇಗೂ ಇದ್ದೇ ಇರುತ್ತದಲ್ಲ, ಲೀಗಲ್ ಸೈಜ್ ಹಾಳೆಗಳು ಕೋಟಿನ ಜೇಬಲ್ಲಿ ಮಡಚಿಕೊಂಡಿರುತ್ತವೆ.

ಎರಡನೇ ಕಾದಂಬರಿ ಹುಟ್ಟಿದ್ದು ಡಿಫಾಲ್ಟ್ ಬೇಲಿನಿಂದ. ಕೊಲೆಯಂಥ ಕೇಸಿನಲ್ಲಿ ಮೊದಲ ರಿಮಾಂಡಿನಿಂದ, ಅಂದರೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಮೊದಲು ಕಸ್ಟಡಿಗೆ ಕಳಿಸಿದಾಗಿನಿಂದ, 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಅಷ್ಟು ಗಂಭೀರವಲ್ಲದ ಅಪರಾಧಗಳಿಗೆ 60 ದಿನ. ಅಲ್ಲಿ ಅವನು ಕೊಂದನೋ ಇಲ್ಲವೋ ಅನ್ನುವ ಮಾತೇ ಇಲ್ಲ. ಗಡುವು ದಾಟಿದ ಮೇಲೆ ಅರ್ಜಿ ಮೊದಲು ಬಿದ್ದರೆ ಬೇಲು, ಚಾರ್ಜ್‌ಶೀಟ್ ಮೊದಲು ಬಿದ್ದರೆ ಆ ಹಕ್ಕು ಹೋಯಿತು. ನನ್ನ ಕಥೆಯಲ್ಲಿ ಒಬ್ಬಳು ಜೂನಿಯರ್ ಅರ್ಜಿ ಹಿಡಿದು ಫೈಲಿಂಗ್ ಕೌಂಟರಿನ ಮುಂದೆ ನಿಂತಿದ್ದಾಳೆ. ಪೊಲೀಸ್ ಪೇದೆ ಚಾರ್ಜ್‌ಶೀಟಿನ ಕಟ್ಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾನೆ. ಗುಮಾಸ್ತರು ಸ್ಟಾಂಪ್ ಪ್ಯಾಡಿಗೆ ಇಂಕು ಹಾಕಿಕೊಳ್ಳುತ್ತಿದ್ದಾರೆ, ಆತುರವೇ ಇಲ್ಲ. ಗುಂಡು ಹಾರಿಸುವ ದೃಶ್ಯಕ್ಕಿಂತ ಇದನ್ನು ಬರೆಯುವಾಗಲೇ ನನ್ನ ಎದೆ ಜಾಸ್ತಿ ಹೊಡೆದುಕೊಂಡಿದ್ದು.

ಓದುಗರಿಗೆ ಕಾನೂನು ಪಾಠ ಮಾಡಬಾರದು ಅನ್ನುವುದು ನಾನು ಇಟ್ಟುಕೊಂಡ ನಿಯಮ. ಆದರೆ ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಮನ್ನು ಬಿಡಲು ಮನಸ್ಸಾಗಲಿಲ್ಲ. ಪೊಲೀಸರ ಮುಂದೆ ಆರೋಪಿ, "ಅವನಿಗೆ ಚುಚ್ಚಿದ ಚಾಕುವನ್ನು ಮನೆ ಸೂರಿನಲ್ಲಿ ಬಚ್ಚಿಟ್ಟಿದ್ದೀನಿ, ತೋರಿಸ್ತೀನಿ" ಅಂದ ಅಂತಿಟ್ಟುಕೊಳ್ಳಿ. ಚಾಕು ಸಿಕ್ಕಿತು. ಆಗ "ಸೂರಿನಲ್ಲಿ ಬಚ್ಚಿಟ್ಟಿದ್ದೀನಿ" ಅನ್ನುವಷ್ಟು ಮಾತ್ರ ಕೋರ್ಟಿನಲ್ಲಿ ನಿಲ್ಲುತ್ತದೆ. "ಚುಚ್ಚಿದ" ಅನ್ನುವುದು ನಿಲ್ಲುವುದಿಲ್ಲ. ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ, ಬ್ರಿಟಿಷರ ಕಾಲದಲ್ಲಿ ಕೊನೆಯ ಅಪೀಲು ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ದಾರಿ ಇದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ವಿಷಯ 23ನೇ ಕಲಮಿನಲ್ಲಿದೆ. ಒಂದೇ ವಾಕ್ಯ, ಅದನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಓದುಗರಿಗೆ ಪೂರ್ತಿ ವಾಕ್ಯ ಗೊತ್ತು, ಜಡ್ಜ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅರ್ಧ ಮಾತ್ರ. ಇದಕ್ಕಿಂತ ಒಳ್ಳೆಯ ಬಿಗಿಯನ್ನು ನಾನೇ ಕೂತು ಕಟ್ಟಲಾರೆ.

ಇನ್ನು ಎಲ್ಲರೂ ಗುಟ್ಟಾಗಿ ಕೇಳುವ ಪ್ರಶ್ನೆ: ಕಕ್ಷಿದಾರರ ಕಥೆ ಬರೀತೀರಾ? ಇಲ್ಲ. ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಹೊರಗೆ ಹಾಕುವಂತಿಲ್ಲ, ಕೇಸು ಮುಗಿದ ಮೇಲೂ ಆ ಕಟ್ಟು ಹಾಗೇ ಇರುತ್ತದೆ. ಹೆಸರು ಬದಲಿಸಿದರೆ ಸಾಕು ಅನ್ನುವವರಿದ್ದಾರೆ. ನಮ್ಮಂಥ ಊರಿನಲ್ಲಿ ಸಾಕಾಗುವುದಿಲ್ಲ, ತೋಟದ ಗಾತ್ರ ಹೇಳಿದರೆ ಯಾರ ಮನೆ ಅಂತ ಗೊತ್ತಾಗುತ್ತದೆ. ಅದಕ್ಕೇ ನಾನು ಕಾನೂನಿನ ತೊಡಕಿನಿಂದ ಶುರು ಮಾಡಿ ಜನರನ್ನು ಆಮೇಲೆ ಸೇರಿಸುತ್ತೇನೆ. ತೊಡಕನ್ನು ಹುಡುಕುವುದು ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ, ಅವು ಯಾರು ಬೇಕಾದರೂ ಓದಬಹುದಾದವು. ಇಷ್ಟು ಮಾಡಿದರೂ ವಕೀಲರ ಸಂಘದಲ್ಲಿ ಒಬ್ಬರು ಕಾಫಿ ಕುಡಿಯುತ್ತಾ, "ಆ ಜಿಪುಣ ಲಾಯರು ನಾನೇ ತಾನೆ?" ಅಂದರು. "ಇಲ್ಲ ಸಾರ್" ಅಂದೆ. ಕಾಫಿ ದುಡ್ಡು ನಾನೇ ಕೊಟ್ಟೆ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದವು. ಬರೆಯುವವನಿಗೆ ಅದು ದೊಡ್ಡ ಪೇಚು. ನಮ್ಮ ಜನರ ಬಾಯಲ್ಲಿ ಕೊಲೆ ಅಂದರೆ "ತ್ರೀ ನಾಟ್ ಟೂ", ಹಳೆಯ ದಂಡ ಸಂಹಿತೆಯ 302ನೇ ಕಲಮು. ಈಗ ಅದು ಹೊಸ ನ್ಯಾಯ ಸಂಹಿತೆಯ 103. ಬರೆಯುತ್ತಿದ್ದ ಕಥೆಯನ್ನು 2022ಕ್ಕೆ ತಳ್ಳಿ 302ನ್ನು ಉಳಿಸಿಕೊಂಡೆ. ಆದರೆ ಎಷ್ಟು ದಿನ ಹಾಗೆ? ಮಹಜರಿನ, ಅಂದರೆ ಸ್ಥಳದಲ್ಲಿ ಕಂಡದ್ದು, ಸಿಕ್ಕಿದ್ದು ಬರೆದಿಡುವ ಪೊಲೀಸ್ ಕಾಗದದ, ಮೇಲೆ ನಿಂತ ನನ್ನ ಹಳೆಯ ತಂತ್ರಗಳೆಲ್ಲ ಈಗ ಕಷ್ಟ. ಅದಕ್ಕೆ ಸಾಕ್ಷಿಯಾಗಬೇಕಾದ ಪಂಚರು ಸ್ಥಳಕ್ಕೇ ಹೋಗದೆ ಸ್ಟೇಷನ್ನಿನಲ್ಲಿ ಕೂತು ಸಹಿ ಹಾಕಿದರು, ಕೋರ್ಟಿನಲ್ಲಿ ತಿರುಗಿಬಿದ್ದರು ಅಂತ ಎಷ್ಟೋ ಕಥೆ ಹೆಣೆಯಬಹುದಿತ್ತು. ಈಗ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಹಾಗಾಗಿ ಹೊಸ ಕಾದಂಬರಿಯಲ್ಲಿ ನನ್ನ ಲಾಯರಮ್ಮ ಪಂಚರನ್ನು ಕೆದಕುವುದಿಲ್ಲ. ತನಿಖಾಧಿಕಾರಿಯನ್ನು ಕಟಕಟೆಗೆ ಹತ್ತಿಸಿ, ಬೀಗ ಒಡೆದದ್ದು ಎಷ್ಟು ಗಂಟೆಗೆ, ವಿಡಿಯೋ ಶುರುವಾದದ್ದು ಎಷ್ಟು ಗಂಟೆಗೆ ಅಂತ ಕೇಳುತ್ತಾಳೆ. ಅವರ ಉತ್ತರ ಏನು ಅನ್ನುವುದು ನನಗೆ ಇನ್ನೂ ಹೊಳೆದಿಲ್ಲ. ಸೋಮವಾರ ಒಂದು ಕೇಸು ವಾದಕ್ಕಿದೆ, ಕೂಗುವುದು ಹೇಗೂ ಮಧ್ಯಾಹ್ನವೇ, ಆಗ ನೋಡಬೇಕು.