ಮೊಟ್ಟೆಯಿಲ್ಲದ ಪಿಯೆರೋಗಿ: ಎಸರಿನ ಕಣಕ ಕೈಹಿಡಿದ ಬಗೆ

ಕುದಿಯುವ ನೀರು ಸುರಿದು, ಮೊಟ್ಟೆ ಹಾಕದೆ ಕಲಸಿದ ಕಣಕದಲ್ಲಿ ಪಿಯೆರೋಗಿ (ಹೂರಣ ತುಂಬಿ ನೀರಿನಲ್ಲಿ ಬೇಯಿಸುವ ಪೋಲೆಂಡಿನ ಕಡುಬು) ಮಾಡಿದರೆ ಪಾತ್ರೆಯಲ್ಲೇ ಬಿಚ್ಚಿಕೊಂಡು ಗಂಜಿಯಾಗುತ್ತದೆ ಎಂದು ವ್ರೊತ್ಸ್ವಾಫ್ ನಗರದ ನಮ್ಮ ಕಟ್ಟಡದಲ್ಲಿ ಹಲವರು ಹೇಳಿದ್ದರು. ಪೋಲೆಂಡಿನಲ್ಲಿ ಬಿಸಿನೀರಿನ ಕಣಕ ಹೊಸದೇನೂ ಅಲ್ಲ. ಆದರೆ ಮೊಟ್ಟೆ ಹಾಕಿಯೇ ರೂಢಿಯಿದ್ದ ಮನೆಗಳಲ್ಲಿ ಅದನ್ನು ನಂಬುವವರು ಕಡಿಮೆ. ಈಗ ನಾನು ಒಂದು ಸಲಕ್ಕೆ ಬೇಯಿಸುವ ಸುಮಾರು ಅರವತ್ತರಲ್ಲಿ ಒಂದೂ ಒಡೆಯುವುದಿಲ್ಲ. ಮೊದಲು ತಲೆಯಾಡಿಸಿದ್ದ ಪಕ್ಕದ ಮನೆಯ ಹಿರಿಯರೇ ಬಂದು, ನಾನು ಕಲಸುವುದನ್ನು ನಿಂತು ನೋಡಿಕೊಂಡು ಹೋದರು. ಅವರ ಕುಟುಂಬ 1945ರ ನಂತರ, ಈಗ ಉಕ್ರೇನಿನಲ್ಲಿರುವ ಲ್ವಿವ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದು. ಆಲೂಗಡ್ಡೆ ಮತ್ತು ತ್ವಾರೂಗ್ (ಹುಳಿ ಹಾಲಿನಿಂದ ಮಾಡುವ, ಪನೀರಿನಂಥ ಚೀಸ್) ತುಂಬಿದ ‘ರುಸ್ಕಿಯೆ’ ಪಿಯೆರೋಗಿ ಈ ಭಾಗದಲ್ಲಿ ಮನೆಮಾತಾದದ್ದು ಹಾಗೆ ಪೂರ್ವದಿಂದ ಬಂದವರ ಕೈಯಿಂದಲೇ ಆದ್ದರಿಂದ, ಅವರ ಒಪ್ಪಿಗೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಅದಕ್ಕೂ ಮೊದಲು ಒಂದಿಡೀ ಚಳಿಗಾಲ ಇತರರು ಹೇಳಿದ ಅಳತೆಗಳಲ್ಲೇ ಕಳೆಯಿತು. ಮೊಟ್ಟೆ ಮತ್ತು ಉಗುರುಬೆಚ್ಚಗಿನ ನೀರಿನ ಕಣಕವನ್ನು ಎಷ್ಟು ಹೊತ್ತು ನೆನೆಯಲು ಬಿಟ್ಟರೂ, ಲಟ್ಟಿಸಿ ಕೈ ತೆಗೆದ ಕೂಡಲೇ ಅದು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಲೋಟದಿಂದ ಕತ್ತರಿಸಿದ ಬಿಲ್ಲೆ ಕುಗ್ಗಿ ದಪ್ಪವಾಗುತ್ತಿತ್ತು. ಬೆಂದ ಮೇಲೆ ಅಂಚು ಅಗಿಯಲು ಬಾರದಷ್ಟು ಬಿರುಸಾಗುತ್ತಿತ್ತು. ನಮ್ಮ ಧಾರವಾಡದ ಮನೆಯಲ್ಲಿ ಜೋಳದ ರೊಟ್ಟಿಗೆ ಎಸರಿಟ್ಟು ಹಿಟ್ಟು ಕಲಸುವುದನ್ನು ಕಂಡು ಬೆಳೆದವರಿಗೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯುತ್ತದೆ. ಜೋಳದ ಹಿಟ್ಟಿಗೆ ಜಿಗುಟಿಲ್ಲವೆಂದು ಎಸರು ಬೇಕು, ಗೋಧಿಗೆ ಇರುವ ಜಿಗುಟು ಅತಿಯಾಯಿತೆಂದು ಎಸರು ಬೇಕು. ಕಾರಣ ಬೇರೆಯಾದರೂ ಕೆಲಸ ಕೊಡುವುದು ಅದೇ ಕುದಿನೀರು. ಅರ್ಧ ಕೆಜಿ 500ನೇ ನಮೂನೆಯ (ಮೈದಾದಂಥ ಬಿಳಿ ಗೋಧಿ) ಹಿಟ್ಟಿಗೆ ಸುಮಾರು 250 ಮಿಲಿ ನೀರು, ಅದರಲ್ಲೇ ಕರಗಿಸಿದ 30 ಗ್ರಾಂನಷ್ಟು ಬೆಣ್ಣೆ, ಉಪ್ಪು. ಸೌಟಿನಿಂದ ಕಲಕಿ, ಕೈ ತಾಳುವಷ್ಟು ಆರಿದ ಮೇಲೆ ನಾದಿ, ಬಿಸಿ ಮಾಡಿದ ಬಟ್ಟಲನ್ನು ಮೇಲೆ ಕವುಚಿಟ್ಟರೆ ಅರ್ಧ ಗಂಟೆಯಲ್ಲಿ ಕಣಕ ಎರಡು ಮಿಲಿಮೀಟರಿಗೂ ತೆಳ್ಳಗೆ ಲಟ್ಟಿಸಿಕೊಳ್ಳುತ್ತದೆ. ಕೇಕಿಗೆಂದು ಮಾರುವ 450ನೇ ನಮೂನೆಯಲ್ಲೂ ಮಾಡಿ ನೋಡಿದ್ದೇನೆ. ಮೃದುವಾಗುತ್ತದೆ, ಆದರೆ ಮರುದಿನ ಬಾಣಲೆಯಲ್ಲಿ ಬೆಣ್ಣೆ ಹಾಕಿ ಕಾಯಿಸುವಾಗ ಹರಿಯುತ್ತದೆ.

ನನ್ನ ಹಣ ಹೆಚ್ಚು ಹೋದದ್ದು ಕಣಕಕ್ಕಲ್ಲ, ಹೂರಣಕ್ಕೆ. ಚೀಸ್‌ಕೇಕಿಗೆಂದು ಬಕೆಟ್ಟಿನಲ್ಲಿ ಮಾರುವ ನುಣ್ಣನೆಯ ತ್ವಾರೂಗ್ ತಂದರೆ ಅರೆಯುವ ಶ್ರಮ ಉಳಿಯುತ್ತದೆಂದು ಒಬ್ಬರು ಹೇಳಿದ ಮೇರೆಗೆ ಕೆಜಿಗಟ್ಟಲೆ ತಂದೆ. ಅದರಲ್ಲಿ ನೀರಿನಂಶ ಎಷ್ಟಿತ್ತೆಂದರೆ, ಬಿಲ್ಲೆ ಮಡಚುವ ಮೊದಲೇ ಹೂರಣ ಅಂಚಿಗೆ ಹರಿದು ಬರುತ್ತಿತ್ತು. ಕಾಗದದಲ್ಲಿ ಸುತ್ತಿ ಕೊಡುವ, ಅರೆಕೊಬ್ಬಿನ ಗಟ್ಟಿ ತುಂಡೇ ಆಗಬೇಕು. ಆಲೂಗಡ್ಡೆಯ ಚೀಲದ ಮೇಲೆ ಎ, ಬಿ, ಸಿ ಎಂಬ ಅಕ್ಷರಗಳಿರುತ್ತವೆ. ಹಿಟ್ಟುಹಿಟ್ಟಾದ ಸಿ ಸಿಗದಿದ್ದರೆ ಬಿ ಸಾಕು, ಸಲಾಡಿನ ಎ ಬೇಡವೇ ಬೇಡ. ಬೇಯಿಸಿ ಬಸಿದ ಮೇಲೆ ಪಾತ್ರೆಯನ್ನು ಮತ್ತೆ ಉರಿಯ ಮೇಲಿಟ್ಟು ಹಬೆ ಹಾರಿಸಿ, ಪೂರ್ತಿ ತಣ್ಣಗಾದ ನಂತರವೇ ತ್ವಾರೂಗ್ ಬೆರೆಸುತ್ತೇನೆ. ಎರಡು ಪಾಲು ಆಲೂಗಡ್ಡೆಗೆ ಒಂದು ಪಾಲು ತ್ವಾರೂಗ್, ಕೈತುಂಬ ಕರಿಮೆಣಸು.

ಅಂಚು ಬಿಡುವುದಕ್ಕೆ ಎಲ್ಲರೂ ಕಣಕವನ್ನು ದೂರುತ್ತಾರೆ, ಆದರೆ ನಾನು ಕಂಡಂತೆ ಬಹುಪಾಲು ಕಾರಣ ಎಣ್ಣೆ. ಹುರಿದ ಈರುಳ್ಳಿಯನ್ನು ಎಣ್ಣೆಸಮೇತ ಹೂರಣಕ್ಕೆ ಹಾಕಿದರೆ ಆ ಜಿಡ್ಡು ಬೆರಳಿಗೆ, ಬೆರಳಿನಿಂದ ಅಂಚಿಗೆ ಹತ್ತುತ್ತದೆ. ಜಿಡ್ಡು ಹತ್ತಿದ ಅಂಚನ್ನು ಎಷ್ಟು ಒತ್ತಿದರೂ ಅದು ಕೂಡಿಕೊಳ್ಳುವುದಿಲ್ಲ. ಈರುಳ್ಳಿಯನ್ನು ಜರಡಿಯಲ್ಲಿ ಬಸಿದು, ಎಣ್ಣೆಯನ್ನು ಕೊನೆಗೆ ಮೇಲೆ ಸುರಿಯಲು ಇಟ್ಟುಕೊಳ್ಳಬೇಕು. ಮೊದಲು ಅಂಚನ್ನು ಚಪ್ಪಟೆಯಾಗಿ ಒತ್ತಿ ಗಾಳಿ ಹೊರಹಾಕಿ, ಆಮೇಲಷ್ಟೇ ಕರ್ಜಿಕಾಯಿಯ ಮುರಿಗೆ ಹಾಕುತ್ತೇನೆ. ಇಲ್ಲಿಯವರು ಹಂದಿಯ ಕೊಬ್ಬಿನ ಚೂರುಗಳಿಲ್ಲದೆ ರುಸ್ಕಿಯೆಗೆ ರುಚಿಯಿಲ್ಲ ಎನ್ನುತ್ತಾರೆ. ನಾನು ಈರುಳ್ಳಿ ಕೆಂಪಾಗುವಾಗ ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ; ಕಟ್ಟಡದಲ್ಲಿ ಎಲ್ಲರೂ ಕೇಳಿದ್ದಾರೆ, ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಲೆಕ್ಕ ನೆನಪಿನಿಂದ ಕೊಡುತ್ತಿದ್ದೇನೆ. ಅರವತ್ತು ಪಿಯೆರೋಗಿಗೆ ಹಿಟ್ಟು, ಆಲೂಗಡ್ಡೆ, ತ್ವಾರೂಗ್, ಬೆಣ್ಣೆ ಎಲ್ಲ ಸೇರಿ ಹದಿನೈದು ಜ್ಲೋಟಿಯ ಆಸುಪಾಸು, ಅಂದರೆ ಸುಮಾರು ಮುನ್ನೂರೈವತ್ತು ರೂಪಾಯಿ. ಹಳೆಯ ಪೇಟೆಯ ಹೋಟೆಲಿನಲ್ಲಿ ಎಂಟು-ಹತ್ತರ ಒಂದು ತಟ್ಟೆಗೇ ಇದರ ಎರಡರಷ್ಟು ಕೊಡಬೇಕು.

ಕ್ರಿಸ್ಮಸ್ ಮುನ್ನಾದಿನದ ಊಟದಲ್ಲಿ ಮಾಂಸ ಹಾಕದಿರುವುದು ಇಲ್ಲಿಯ ಸಂಪ್ರದಾಯವಾದ್ದರಿಂದ, ಹುಳಿ ಎಲೆಕೋಸು ಮತ್ತು ಒಣ ಅಣಬೆಯ ಪಿಯೆರೋಗಿ ನಮ್ಮಂಥವರಿಗೆ ಸಿದ್ಧ ಅಡುಗೆ. ಬೊರೊವಿಕ್ ಅಣಬೆ ದುಬಾರಿ. ಅದನ್ನು ಒಂದು ಹಿಡಿ ಮಾತ್ರ ಹಾಕಿ, ಉಳಿದದ್ದಕ್ಕೆ ಅಗ್ಗದ ಅಣಬೆ ಬಳಸಿ, ನೆನೆಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕೋಸನ್ನು ಅದರಲ್ಲೇ ಬೇಯಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಕಡಲೆಬೇಳೆ-ಬೆಲ್ಲದ ಹೂರಣವನ್ನೂ ಇದೇ ಕಣಕದಲ್ಲಿ ತುಂಬಿ ಬೇಯಿಸಿದೆ. ಚೆನ್ನಾಗಿಯೇ ಬಂತು, ಆದರೆ ಹುಳಿ ಕೆನೆಯ ಬದಲು ತುಪ್ಪ ಬೇಕಾಯಿತು.

ರಜೆಗೆ ಧಾರವಾಡಕ್ಕೆ ಹೋದಾಗ ತ್ವಾರೂಗಿನ ಬದಲು ಪನೀರ್ ಹಾಕಿ ನೋಡಿದೆ. ಕಾದ ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸಿದ ಪನೀರಿನಲ್ಲಿ, ಹಾಲು ತಾನೇ ಹೆಪ್ಪಾಗಿ ಬರುವ ಹುಳಿ ಇರುವುದಿಲ್ಲ, ಹೂರಣ ಸಪ್ಪೆಯಾಯಿತು. ಎರಡು ಲೀಟರ್ ಹಾಲಿಗೆ ಹೆಪ್ಪು ಹಾಕಿ, ಮೊಸರನ್ನು ಒಂದು ದಿನ ಹೆಚ್ಚಿಗೆ ಹುಳಿಯಲು ಬಿಟ್ಟು, ಕುದಿಯಗೊಡದೆ ಬೆರಳು ತಾಳುವಷ್ಟೇ ಬಿಸಿಯಲ್ಲಿ ನೀರು ಬೇರ್ಪಡುವವರೆಗೆ ಇಟ್ಟು, ಪಂಚೆಯ ತುಂಡಿನಲ್ಲಿ ರಾತ್ರಿಯಿಡೀ ಕಟ್ಟಿ ತೂಗುಹಾಕಿದಾಗ ಸುಮಾರು 400 ಗ್ರಾಂ ಗಟ್ಟಿ ತುಂಡು ಸಿಕ್ಕಿತು. ಬಟ್ಟೆ ಬಿಚ್ಚಿದಾಗ ಅದು ಪುಡಿಪುಡಿಯಾಗಿ ಒಡೆಯುತ್ತಿತ್ತು, ಹುಳಿಯೂ ಸರಿಯಾಗಿತ್ತು. ಮೈದಾಕ್ಕೂ ಅದೇ ನೀರಿನ ಅಳತೆ ಸಾಕಾಯಿತು.