ಕೆನ್ನರ್ ಕಂಪನಿಯ ಹಳೇ ಡಾರ್ತ್ ವೇಡರ್ ಕೊಳ್ಳುವ ಮುನ್ನ

ಆಟಿಕೆ ಕಂಪನಿ ಕೆನ್ನರ್ ಮಾಡಿದ, ಸ್ಟಾರ್ ವಾರ್ಸ್ ಸಿನಿಮಾದ ಖಳ ಡಾರ್ತ್ ವೇಡರ್‌ನ ಈ ಗೊಂಬೆ ಅಮೆರಿಕದ ಅಂಗಡಿಗಳಿಗೆ ಬಂದದ್ದು 1978ರಲ್ಲಿ. ಕಾಲಿನ ಹಿಂಬದಿಯ ಅಚ್ಚಿನಲ್ಲಿ 1977 ಎಂದಿದ್ದರೆ ಗಾಬರಿ ಬೇಡ, ಅದು ಹಕ್ಕುಸ್ವಾಮ್ಯದ ವರ್ಷ. ಮುಂದಿನ ವರ್ಷಗಳಲ್ಲಿ ತಯಾರಾದವುಗಳಲ್ಲೂ ಅದೇ ಇರುತ್ತದೆ. ಹಾಗಾಗಿ '1977ರ ಗೊಂಬೆ' ಎಂದು ಹೆಚ್ಚು ಬೆಲೆ ಹೇಳುವವರನ್ನು ನಂಬಬೇಡಿ.

ಮೊದಲು ಬಲಗೈ ನೋಡಿ. ಕೆಂಪು ಕತ್ತಿ ತೋಳಿನೊಳಗಿಂದ ಜಾರಿ ಹೊರಬರಬೇಕು. ಅದರ ಸಪೂರ ತುದಿ ಮುರಿಯುವುದೇ ಹೆಚ್ಚು. ಆದ್ದರಿಂದ ಕತ್ತಿಯನ್ನು ಪೂರ್ತಿ ಹೊರಗೆ ಚಾಚಿ ತೆಗೆದ ಫೋಟೋ ಕೇಳಿ. ಕತ್ತಿಯೊಳಗಿಂದ ಇನ್ನೊಂದು ಎಳೆ ಹೊರಬರುವ ಆರಂಭದ ಮಾದರಿ ಬಹಳ ಅಪರೂಪ. ಅದಕ್ಕೆ ನಕಲಿಗಳೂ ಇವೆ, ಪರಿಣತರಿಗೆ ತೋರಿಸದೆ ಹಣ ಕೊಡಬೇಡಿ.

ಆಮೇಲೆ ವಿನೈಲ್ ಮೇಲಂಗಿ. ತೋಳು ತೂರಿಸುವ ತೂತುಗಳ ಅಂಚು ಸೀಳಿದೆಯೇ ನೋಡಿ. ಬಿಡಿಯಾಗಿ ಸಿಗುವ ಹೊಸ ಮೇಲಂಗಿ ತೊಡಿಸಿ 'ಪೂರ್ಣ' ಎಂದು ಮಾರುವುದುಂಟು. ಮೇಲ್ಮೈ ಅಂಟಂಟಾಗಿದ್ದರೆ ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ ಹೊರಜಿನುಗುತ್ತಿದೆ ಎಂದರ್ಥ.

ಗೊಂಬೆ ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬ್ರಷ್ ಸಾಕು. ಎದೆಯ ಬಣ್ಣವನ್ನು ಉಜ್ಜಬೇಡಿ. ಅಸಿಟೋನ್ ಅಂತೂ ಬೇಡವೇ ಬೇಡ. ಪಿವಿಸಿ ಚೀಲದ ಬದಲು ಪಾಲಿಪ್ರೊಪಿಲೀನ್ ಚೀಲದಲ್ಲಿಟ್ಟು ಬಿಸಿಲು ತಾಗದಂತೆ ಇಡಿ.